ಒಂದೇ ಬಂಡೆಯ ಎರಡು ಸೋಜಿಗ

ಕೆನಡದ ನಯಾಗರಾ ಸೀಮೆಯಲ್ಲಿ ಕ್ಯಾರವಾನ್ ಎಂಬ ಗಾಲಿಮನೆಯೇರಿ ಹೊರಟವರು ಬೆಳಗ್ಗೆ ದ್ರಾಕ್ಷಾಮದ್ಯದ ತೋಟವನ್ನೂ ಮಧ್ಯಾಹ್ನ ಜಲಪಾತವನ್ನೂ ಕಾಣಬಹುದು. ಎರಡಕ್ಕೂ ಆಸರೆ ಒಂದೇ ಕಲ್ಲಿನ ದಿಣ್ಣೆ. ಶರತ್ಕಾಲದಲ್ಲಿ ಒಂಟಾರಿಯೊ ಸರೋವರದಿಂದ ಬೀಸುವ ಬೆಚ್ಚನೆಯ ಗಾಳಿಯನ್ನು ಅದು ತಡೆದು ತಿರುಗಿಸಿ ಬಳ್ಳಿಗಳನ್ನು ಕಾಯುತ್ತದೆ. ಆದರೂ ಕೆಲವು ಗೊಂಚಲುಗಳನ್ನು ಬೇಕೆಂದೇ ಉಳಿಸಿ, ಚಳಿ ಸೊನ್ನೆಗಿಂತ 8 ಡಿಗ್ರಿ ಕೆಳಗಿಳಿದ ಮೇಲೆ ಕೊಯ್ದು, ಹೆಪ್ಪುಗಟ್ಟಿದಂತೆಯೇ ಹಿಂಡುತ್ತಾರೆ. ನೀರು ಮಂಜುಗಡ್ಡೆಯಾಗಿ ಉಳಿದು, ಜೇನಿನಂಥ ರಸ ಮಾತ್ರ ಒಸರುತ್ತದೆ. ‘ಐಸ್‌ವೈನ್’ ಆಗುವುದು ಇದರಿಂದಲೇ. ಕುಡಿಯದವರೂ ನೋಡತಕ್ಕ ಕೌಶಲವಿದು!

ಹಿಂದೆ ಇದೇ ದಿಣ್ಣೆಯಂಚಿನಿಂದ ಧುಮುಕುತ್ತಿದ್ದ ನದಿ, ಬಂಡೆಯನ್ನು ಸವೆಸುತ್ತ ಸುಮಾರು 11 ಕಿಲೋಮೀಟರು ಹಿಂದೆ ಸರಿದಿದೆ. ಅದರ ನೀರಿಗೆ ವಿದ್ಯುದಾಗಾರಗಳೂ ಪಾಲುದಾರರು. 1950ರಲ್ಲಿ ಕೆನಡ, ಅಮೆರಿಕಗಳು ಮಾಡಿಕೊಂಡ ಒಪ್ಪಂದದಂತೆ ಪ್ರವಾಸಕಾಲದ ಹಗಲಿನಲ್ಲಿ ಸೆಕೆಂಡಿಗೆ 2,832 ಘನಮೀಟರು ನೀರನ್ನು ಜಲಪಾತಕ್ಕೆ ಬಿಡಬೇಕು; ಇರುಳಿನಲ್ಲಿ ಅದರರ್ಧ ಸಾಕು. ಹೀಗೆ ಬಂಡೆಯ ಸವೆತವೂ ತಗ್ಗಿದೆ. ನಿಸರ್ಗದ ವೈಭವವೆಂದು ನಾವು ಬೆರಗಾಗುವ ಆ ಧಾರೆಯಲ್ಲಿ ಎರಡು ದೇಶಗಳ ಸಂಯಮದ ಪಾಲೂ ಉಂಟು.