ಹರೆಯದ ದೇಹಭಾವನೆ ಮತ್ತು ಆತ್ಮವಿಶ್ವಾಸ

ಬಾಲ್ಯ ಕಳೆದು ಪ್ರೌಢತೆಯು ಇನ್ನೂ ಕೈಗೂಡದ ನಡುಗಾಲವೇ ಹರೆಯ. ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷಗಳ ವಯಸ್ಸನ್ನು ಹೀಗೆ ಗುರುತಿಸಿದೆ. ಪ್ರೌಢಶಾಲೆಯ ಮೂರು ವರ್ಷಗಳೂ ಇದರೊಳಗೇ ಬರುವುದರಿಂದ ಅಧ್ಯಾಪಕರಿಗೆ ಈ ವಿಷಯದ ಅರಿವು ಅವಶ್ಯಕವಾದುದು.

ಈ ಕಾಲದಲ್ಲಿ ಶರೀರವು ಎಲ್ಲರಲ್ಲಿಯೂ ಏಕಪ್ರಕಾರವಾಗಿ ಬೆಳೆಯುವುದಿಲ್ಲ. ಹೆಣ್ಣುಮಕ್ಕಳ ಬೆಳವಣಿಗೆಯ ವೇಗವು ಗಂಡುಮಕ್ಕಳಿಗಿಂತ ಸುಮಾರು 2 ವರ್ಷ ಮೊದಲೇ ಹೆಚ್ಚುತ್ತದೆ. ಕೈಕಾಲುಗಳು ಮುಂಡಕ್ಕಿಂತ ಮುಂಚೆ ನೀಳವಾಗುತ್ತವೆ. ಧ್ವನಿತಂತುಗಳು ಉದ್ದವಾಗುವುದರಿಂದ ಬಾಲಕರ ಕಂಠ ಒಡೆಯುತ್ತದೆ. ಚರ್ಮದ ತೈಲಗ್ರಂಥಿಗಳು ಚುರುಕುಗೊಂಡು ಮೊಡವೆಗಳು ಮೂಡುತ್ತವೆ. ಇದೆಲ್ಲವೂ ಪ್ರಕೃತಿಯ ಕ್ರಮವೇ. ಆದರೆ ಕನ್ನಡಿಯ ಮುಂದೆ ನಿಂತ ಮಗುವಿಗೆ ಇದು ತನ್ನೊಬ್ಬನಿಗೇ ಒದಗಿದ ಕುಂದೆಂದು ತೋರುತ್ತದೆ.

ಹರೆಯದವರು ತಮ್ಮನ್ನು ಸದಾ ಯಾರೋ ನೋಡುತ್ತಿರುವರೆಂದು ಭಾವಿಸುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ ಅವರು 1967ರಲ್ಲಿ 'ಕಲ್ಪಿತ ಪ್ರೇಕ್ಷಕವರ್ಗ' ಎಂದು ಕರೆದರು. ಈ ಭಾವನೆ ಬಲಿತಾಗ ಉತ್ತರ ಬಲ್ಲ ವಿದ್ಯಾರ್ಥಿಯೂ ಎದ್ದು ನಿಲ್ಲಲು ಹಿಂಜರಿಯುತ್ತಾನೆ. ಕಂಠ ಒಡೆದವನು ಪ್ರಾರ್ಥನೆಯಲ್ಲಿ ತುಟಿಯನ್ನಷ್ಟೇ ಅಲುಗಿಸುತ್ತಾನೆ. ಬೇಗ ಎತ್ತರ ಬೆಳೆದ ಬಾಲಕಿಯು ಬೆನ್ನು ಬಾಗಿಸಿ ಕಡೆಯ ಬೆಂಚನ್ನು ಹಿಡಿಯುತ್ತಾಳೆ. ಈ ಮೌನವನ್ನು ಗುರುಗಳು ಜಡತೆಯೆಂದು ಎಣಿಸಿದರೆ, ನಾಚಿಕೆಯು ಕ್ರಮೇಣ ಅಸಾಮರ್ಥ್ಯದ ನಂಬಿಕೆಯಾಗಿ ಬೇರೂರುತ್ತದೆ.

ಸಮಾಜವೂ ಈ ಕೊರಗಿಗೆ ನೀರೆರೆದಿದೆ. 1975ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಮುಖಲೇಪನವೊಂದು 'ಫೇರ್' ಎಂಬ ಶಬ್ದವನ್ನು ಹೆಸರಿನಿಂದ ಕೈಬಿಟ್ಟುದು 2020ರಲ್ಲಿ. ಬಿಳುಪೇ ಚೆಲುವೆಂಬ ಪಾಠವು ಅಷ್ಟು ಕಾಲ ಮನೆಮನೆಯನ್ನೂ ತಲುಪಿತು. ಇಂದು ಮೊಬೈಲಿನಲ್ಲಿ ಕಾಣುವ ತಿದ್ದಿದ ಮುಖಗಳು ಅದೇ ಪಾಠವನ್ನು ಮುಂದುವರಿಸಿವೆ.

ಮಹಾಭಾರತದ ವನಪರ್ವದ ಅಷ್ಟಾವಕ್ರನ ಕಥೆಯು ಇಲ್ಲಿ ಸ್ಮರಣೀಯ. ಎಂಟೆಡೆ ಬಾಗಿದ ಮೈಯ ಆ ಬಾಲಕನನ್ನು ಜನಕನ ದ್ವಾರಪಾಲಕನು ಕಿರಿಯನೆಂದು ತಡೆದನು. ಒಳಗೆ ಪ್ರವೇಶ ದೊರೆತ ಬಳಿಕ ಅವನು ವಾದದಲ್ಲಿ ವಂದಿಯನ್ನು ಜಯಿಸಿದನು. ಗೆಲ್ಲುವಾಗ ಅವನ ಶರೀರ ಬದಲಾಗಿರಲಿಲ್ಲ; ಅವನ ವಿದ್ಯೆಗೆ ಅವಕಾಶ ದೊರೆಯಿತು.

ಶಾಲೆ ಮಾಡಬೇಕಾದುದೂ ಇದನ್ನೇ. ಕುಳ್ಳ, ಕರಿಯ, ಡುಮ್ಮಿ ಮುಂತಾದ ಅಡ್ಡಹೆಸರುಗಳು ಗುರುವಿನ ಬಾಯಿಂದ ವಿನೋದಕ್ಕೂ ಬರಬಾರದು. ದೇಹದ ಬದಲಾವಣೆಗಳನ್ನು ಅವು ತಲೆದೋರುವ ಮುನ್ನವೇ ಸಂಕೋಚವಿಲ್ಲದೆ ತಿಳಿಸಬೇಕು. ನಾಟಕದ ಪಾತ್ರವನ್ನು ಮೈಬಣ್ಣ ನೋಡದೆ ಹಂಚಬೇಕು. ಹಿಂದಿನ ಬೆಂಚಿನ ಮಗುವಿಗೆ ನಿರ್ವಹಿಸಬಲ್ಲ ಒಂದು ಹೊಣೆಯನ್ನು ಒಪ್ಪಿಸಬೇಕು. ಮಾಡಿ ಮುಗಿಸಿದ ಕೆಲಸದಿಂದ ಹುಟ್ಟಿದ ವಿಶ್ವಾಸವು ಕನ್ನಡಿಯ ಮಾತಿಗೆ ಸುಲಭವಾಗಿ ಅಳುಕುವುದಿಲ್ಲ.