ಸಕಲೇಶಪುರ: ದಾರಿಯೋ, ಊರೋ?

ಬೆಂಗಳೂರಿನಿಂದ ಮಂಗಳೂರಿಗೆ ಪ್ರಯಾಣ ಮಾಡುವ ನಮ್ಮ ಓದುಗರಲ್ಲಿ ಸಕಲೇಶಪುರವನ್ನು ಹಾದುಹೋಗದವರು ವಿರಳ. ಅಲ್ಲಿ ಇಳಿದು ಊರನ್ನು ಕಂಡವರು ಅದಕ್ಕಿಂತಲೂ ವಿರಳ. ಘಟ್ಟ ಇಳಿಯುವುದಕ್ಕೆ ಮೊದಲು ಒಂದು ಲೋಟ ಕಾಫಿ ಕುಡಿಯುವ ಸ್ಥಳವೆಂಬುದಷ್ಟೇ ಅನೇಕರಿಗಿರುವ ಪರಿಚಯ. ಸಮುದ್ರಮಟ್ಟಕ್ಕಿಂತ 3,000 ಅಡಿಗೂ ಮಿಗಿಲಾದ ಎತ್ತರದಲ್ಲಿ, ಹೇಮಾವತಿಯ ದಡದಲ್ಲಿ ನೆಲೆಗೊಂಡಿರುವ ಈ ಪಟ್ಟಣಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಹೊಳೆಯ ದಡದಲ್ಲಿರುವ, ಹೊಯ್ಸಳರ ಕಾಲದ ಸಕಲೇಶ್ವರನ ಗುಡಿಯಿಂದ ಊರಿಗೆ ಈ ಹೆಸರು ಬಂದಿತು. ಸೀಮೆಯ ಹಳೆಯ ಹೆಸರು ಬಲಂ. ಬಲಂ ಪಾಳೆಯಗಾರರು ಐಗೂರನ್ನು ನೆಲೆಮಾಡಿಕೊಂಡು ಬಹುಕಾಲ ಈ ಬೆಟ್ಟಗಳನ್ನಾಳಿದರು. ಶ್ರೀರಂಗಪಟ್ಟಣಕ್ಕೂ ಮಂಗಳೂರಿನ ಬಂದರಿಗೂ ನಡುವಣ ದಾರಿ ಇಲ್ಲಿಯೇ ಹಾದುಹೋಗುತ್ತಿದ್ದುದರಿಂದ, ದಾರಿಯನ್ನು ಹಿಡಿದವನೇ ಸೀಮೆಗೆ ಒಡೆಯನೆಂಬ ಸ್ಥಿತಿಯಿತ್ತು. ಟಿಪ್ಪು ಸುಲ್ತಾನನು 1792ರಲ್ಲಿ ದೋಣಿಗಾಲಿನ ಬಳಿಯ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದುದು ಈ ಕಾರಣದಿಂದಲೇ. ಬೆಟ್ಟವನ್ನು ಸದಾ ಕವಿದಿರುವ ಮಂಜಿನಿಂದ ಕೋಟೆಗೆ ಈ ಹೆಸರಾಯಿತೆಂದು ಜನ ಹೇಳುತ್ತಾರೆ.

ಈ ಕೋಟೆ ನಮ್ಮ ನಾಡಿನ ಇತರ ದುರ್ಗಗಳಂತಲ್ಲ. ಇದರ ಆಕಾರ ಎಂಟು ಮೂಲೆಯ ನಕ್ಷತ್ರದ್ದು. ಫ್ರಾನ್ಸ್ ದೇಶದ ವೋಬಾನ್ ಎಂಬ ದುರ್ಗಶಿಲ್ಪಿಯಿಂದ ಯೂರೋಪಿನಲ್ಲಿ ಹೆಸರಾದ ಪದ್ಧತಿಯಿದು. ಚಾಚಿಕೊಂಡ ಒಂದು ಮೂಲೆಯ ಗೋಡೆಯ ಬುಡಕ್ಕೆ ಶತ್ರು ನುಸುಳಿದರೆ ಪಕ್ಕದ ಮೂಲೆಯಲ್ಲಿರುವವನು ಅವನ ಮೇಲೆ ಗುಂಡು ಹಾರಿಸಬಲ್ಲನು. ಮರೆಯಾಗಿ ನಿಲ್ಲಲು ಎಲ್ಲಿಯೂ ಎಡೆಯಿಲ್ಲ. ಕೋಟೆಯ ನಡುವೆ ಶಿಲುಬೆಯಾಕಾರದಲ್ಲಿ ಮೆಟ್ಟಿಲಿಳಿಯುವ ಕೊಳವೂ, ಮದ್ದಿನ ಮನೆಗಳೂ ಈಗಲೂ ಉಳಿದಿವೆ.

ಕೋಟೆ ಕಟ್ಟಿ ಏಳು ವರ್ಷ ತುಂಬುವಷ್ಟರಲ್ಲಿ ಶ್ರೀರಂಗಪಟ್ಟಣವೇ ಬಿದ್ದಿತು. ಆದರೆ ಬಲಂ ಸೀಮೆ ಕೂಡಲೇ ತಲೆಬಾಗಲಿಲ್ಲ. ಪಾಳೆಯಗಾರ ವೆಂಕಟಾದ್ರಿ ನಾಯಕನು ಕಂಪೆನಿಯ ಸೈನ್ಯವನ್ನು ಎದುರಿಸಿ ಕಾಡಿನ ಆಸರೆಯಲ್ಲಿ ಹೋರಾಡಿದನು. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ದಂಡೆತ್ತಿ ಬಂದು ಅರೆಕೆರೆಯನ್ನು ಹಿಡಿದನು, ನಾಯಕನನ್ನು ಗಲ್ಲಿಗೇರಿಸಲಾಯಿತು. ಮುಂದೆ ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ವೆಲ್ಲಿಂಗ್‌ಟನ್ ಈ ವೆಲ್ಲೆಸ್ಲಿಯೇ. ವಾಟರ್‌ಲೂ ನಮ್ಮ ಮಕ್ಕಳಿಗೆ ಬಾಯಿಪಾಠ. ಬಲಂ ನಾಯಕನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ, ಏಲಕ್ಕಿಗಳ ತೋಟಗಳು ಹಬ್ಬಿದವು. ಬಳಿಕ ರೈಲು ಬಂದಿತು. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಹಳಿಯನ್ನು ಅಗಲಿಸಿದ ಮೇಲೆ 2007ರಲ್ಲಿ ಪ್ರಯಾಣಿಕರ ಗಾಡಿಗಳು ಪುನಃ ಸಂಚರಿಸತೊಡಗಿದವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. 50 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ಕಡಿದಾದ ಇಳಿಜಾರು ಅಲ್ಲಿಯದು. ಮಳೆಗಾಲದಲ್ಲಿ ಆ ಹಳಿಯನ್ನು ಕಾಯುವವರ ಶ್ರಮವನ್ನು ಕಿಟಕಿಯ ಪಕ್ಕದಲ್ಲಿ ಕುಳಿತವರು ಒಮ್ಮೆಯಾದರೂ ನೆನೆಯಬೇಕು.

ಜನರಂತೆ ನೀರಿಗೂ ಇದು ದಾರಿಯೇ. ಬಿಸಲೆಯ ಏಣಿನ ಮೇಲೆ ಬಿದ್ದ ಮಳೆಯ ಒಂದು ಪಾಲು ಹೇಮಾವತಿಯನ್ನೂ ಕಾವೇರಿಯನ್ನೂ ಸೇರಿ ಬಂಗಾಳ ಕೊಲ್ಲಿಗೆ ಹರಿದರೆ, ಮತ್ತೊಂದು ಪಾಲು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಪಶ್ಚಿಮಕ್ಕೆ ಹರಿಯುವ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಇಲ್ಲಿಯೇ ಚಾಲನೆ ದೊರೆಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ನೀರನ್ನು ಪಡೆಯುವವನಿಗೆ ನೀರು ಹುಟ್ಟುವ ಕಾಡಿನ ಋಣವೂ ಇದೆ.

ಕಾಡು ಹರಿದು ತುಂಡಾದುದರ ಫಲವನ್ನು ಆಲೂರು, ಸಕಲೇಶಪುರ ತಾಲ್ಲೂಕುಗಳ ರೈತರೂ ತೋಟದ ಕೂಲಿಯವರೂ ದಿನನಿತ್ಯ ಉಣ್ಣುತ್ತಿದ್ದಾರೆ. ಆನೆಗಳು ಗದ್ದೆಗೂ ತೋಟಕ್ಕೂ ಇಳಿಯುತ್ತವೆ. ಬೆಳೆ ಹೋಗುತ್ತದೆ, ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ. ಮೈಸೂರಿನ ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ, ಕಾಡಾನೆಯೊಡನೆ ಕಾದಾಡಿ ಮಡಿದನು. ಅಂದು ನಾಡೇ ಕಣ್ಣೀರಿಟ್ಟಿತು. ಅದೇ ಬೆಟ್ಟಗಳಲ್ಲಿ ಆನೆ ತುಳಿದು ಸತ್ತ ಕೂಲಿಯವನಿಗಾಗಿ ಅಷ್ಟು ಕಣ್ಣೀರು ಹರಿದುದನ್ನು ನಾವು ಕಾಣೆವು.

ಅರಸರಿಗೆ ಇದು ದಂಡಿನ ದಾರಿ, ನಮಗೆ ರೈಲಿನ ದಾರಿ, ಸರ್ಕಾರಕ್ಕೆ ನೀರಿನ ದಾರಿ. ಎಲ್ಲರೂ ದಾಟಿದರು, ನಿಂತು ನೋಡಿದವರು ಕಡಿಮೆ. ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಕೋಟೆಯ ಚರಿತ್ರೆಯನ್ನೂ ವೆಂಕಟಾದ್ರಿ ನಾಯಕನ ವೃತ್ತಾಂತವನ್ನೂ ಅಲ್ಲಿ ಒಳ್ಳೆಯ ಕನ್ನಡದಲ್ಲಿ ಬರೆಯಿಸಿರಿ, ಆನೆಯ ದಾರಿಯನ್ನು ಆನೆಗೆ ಬಿಡಿಸಿಕೊಡಿರಿ, ಬೆಳೆ ಕಳೆದುಕೊಂಡವನನ್ನು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಿಸಬೇಡಿರಿ. ಮಹಾಜನರಲ್ಲಿಯೂ ಒಂದು ಮಾತು: ಮುಂದಿನ ಪ್ರಯಾಣದಲ್ಲಿ ಒಂದು ದಿನ ಅಲ್ಲಿ ಇಳಿಯಿರಿ. ಕೋಟೆಯ ಗೋಡೆಯ ಮೇಲೆ ನಿಮ್ಮ ಹೆಸರನ್ನು ಕೆತ್ತಬೇಡಿರಿ; ಆ ಊರಿನ ಹೆಸರನ್ನು ಮನಸ್ಸಿನಲ್ಲಿ ಬರೆದುಕೊಂಡು ಬನ್ನಿರಿ.