ಕಿಲ್ಲೇದಾರನಿಗೂ ತೆರೆಯದ ಬೀಗ

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ನಾಲ್ಕಾರು ಕಿಲೋಮೀಟರ್ ಸಾಗಿದರೆ ಗುಡ್ಡದ ನೆತ್ತಿಯ ಮೇಲೆ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಈ ಕೋಟೆಯನ್ನು ಆಕಾಶದಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಒಂದು ಮೂಲೆಗೆ ಏಣಿ ಹಾಕಿದ ಶತ್ರುವಿನ ಮೇಲೆ ಅಕ್ಕಪಕ್ಕದ ಮೂಲೆಗಳಿಂದ ಗುಂಡು ಹಾರಿಸಬಹುದು. ಕಣ್ಣಿಗೆ ಬೀಳದೆ ಅಡಗಿಕೊಳ್ಳಲು ಗೋಡೆಯ ಬುಡದಲ್ಲಿ ಎಲ್ಲಿಯೂ ಜಾಗವಿಲ್ಲ. ಯುರೋಪಿನಲ್ಲಿ ಬಳಕೆಗೆ ಬಂದಿದ್ದ ಯುಕ್ತಿ ಅದು.

ಆದರೆ ಎಷ್ಟೇ ಮೂಲೆಗಳಿದ್ದರೂ ನಕ್ಷೆ ಉತ್ತರಿಸದ ಪ್ರಶ್ನೆಯೊಂದಿದೆ. ಶತ್ರು ಗೋಡೆ ಹತ್ತದೆ, ಕಿಲ್ಲೇದಾರನ ಪೇಟ ಸುತ್ತಿಕೊಂಡು ಬಾಗಿಲಿನಿಂದಲೇ ಒಳಗೆ ಬಂದರೆ? ಕೀಲಿಕೈ ಗೊಂಚಲು ಅವನ ಸೊಂಟದಲ್ಲಿರುತ್ತದೆ, ಕಾವಲಿನವರು ಅವನಿಗೇ ಸಲಾಮು ಹೊಡೆಯುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದಕ್ಕೆ ಕಾರಣಗಳು ಹಲವು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಮೀರ್ ಸಾದಿಕನ ಹೆಸರು.

ಗಣಕಯಂತ್ರಗಳ ಲೋಕದಲ್ಲಿ ಈ ಕಿಲ್ಲೇದಾರನಿಗೆ 'ರೂಟ್' ಎಂದು ಹೆಸರು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ರೂಟ್ ಆದವನಿಗೆ ಇಲ್ಲ ಎನ್ನುವವರಿಲ್ಲ. ಯಾವ ಕಡತವನ್ನಾದರೂ ಓದಬಲ್ಲ, ತಿದ್ದಬಲ್ಲ, ಅಳಿಸಬಲ್ಲ. ಕಳ್ಳನೊಬ್ಬ ಹೇಗೋ ರೂಟ್ ಪದವಿ ಗಿಟ್ಟಿಸಿಕೊಂಡನೆನ್ನಿ. ಮೊದಲು ಮಾಡುವ ಕೆಲಸ ಕಳ್ಳತನವಲ್ಲ. ತಾನು ಬಂದ ಹೆಜ್ಜೆಗುರುತನ್ನು ಒರೆಸುವುದು. ಯಾರು, ಎಷ್ಟು ಹೊತ್ತಿಗೆ ಬಂದರು ಎಂದು ಯಂತ್ರ ಬರೆದಿಡುವ ದಿನಚರಿಯಿಂದ ತನ್ನ ಸಾಲನ್ನು ಕಿತ್ತು ಹಾಕುತ್ತಾನೆ. ಆಮೇಲೆ ವ್ಯವಸ್ಥೆಯ ತಿರುಳಾದ 'ಕರ್ನೆಲ್' ಒಳಗೇ ಒಂದು ತುಣುಕು ತಂತ್ರಾಂಶ ಸೇರಿಸಿಬಿಟ್ಟರೆ ಮುಗಿಯಿತು. ಮೇಲ್ವಿಚಾರಕ ಕೇಳಿದ ಪ್ರಶ್ನೆಗೆಲ್ಲ ಯಂತ್ರ ಸುಳ್ಳು ಹೇಳತೊಡಗುತ್ತದೆ.

ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಬಿಎಸ್‌ಡಿ ಎಂಬ ಯುನಿಕ್ಸ್ ಪ್ರಭೇದ ಇದಕ್ಕೊಂದು ಉಪಾಯ ಹುಡುಕಿತು. 1993ರಲ್ಲಿ ಹೊರಬಂದ ಅದರ 4.4ನೇ ಆವೃತ್ತಿಯಲ್ಲಿ 'ಸೆಕ್ಯೂರ್ ಲೆವೆಲ್', ಅಂದರೆ ಭದ್ರತಾ ಮಟ್ಟ, ಎಂಬ ಒಂದು ಅಂಕಿ ಕರ್ನೆಲ್ ಒಳಗೆ ಕೂತಿತು. ಕೇವಲ ಒಂದು ಅಂಕಿ! ಅದರ ಗುಣವಿಷ್ಟೆ: ಅದನ್ನು ಏರಿಸಬಹುದು, ಇಳಿಸಲಾಗದು. ರೂಟ್ ಬಂದು ಕೇಳಿದರೂ ಇಳಿಯುವುದಿಲ್ಲ. ಇಳಿಯಬೇಕಾದರೆ ಯಂತ್ರವನ್ನು ಆರಿಸಿ, ಅದರ ಎದುರಿಗೇ ಕುಳಿತು, ಮತ್ತೆ ಎಬ್ಬಿಸಬೇಕು. ದೂರದ ಊರಿನಿಂದ ತಂತಿಯ ಮೂಲಕ ನುಗ್ಗಿದ ಕಳ್ಳನಿಗೆ ಎದುರಿಗೆ ಕುಳಿತುಕೊಳ್ಳುವ ಭಾಗ್ಯವೆಲ್ಲಿಂದ ಬರಬೇಕು!

ಬಿಎಸ್‌ಡಿ ಕುಟುಂಬದ ಫ್ರೀಬಿಎಸ್‌ಡಿಯಲ್ಲಿ ಈ ಅಂಕಿ ಮೈನಸ್ 1ರಿಂದ 3ರವರೆಗೆ ಇದೆ. ಮೈನಸ್ 1 ಮತ್ತು ಸೊನ್ನೆಯಲ್ಲಿ ರೂಟ್ ಎಂದಿನಂತೆ ಸರ್ವಾಧಿಕಾರಿ. ನಿಜವಾದ ಬೀಗ ಬೀಳುವುದು 1ರಲ್ಲಿ. ಆಗ ಕರ್ನೆಲ್‌ಗೆ ಹೊಸ ತುಣುಕು ಸೇರಿಸಲಾಗದು, ಇದ್ದದ್ದನ್ನು ತೆಗೆಯಲಾಗದು. ಯಂತ್ರದ ಸ್ಮರಣೆಯ ಮೇಲೆ ನೇರವಾಗಿ ಬರೆಯಲಾಗದು. ಎಲ್ಲಕ್ಕಿಂತ ಸೊಗಸಾದದ್ದು ಕಡತಗಳಿಗೆ ಅಂಟಿಸುವ ಎರಡು ಚೀಟಿಗಳು. ಒಂದು ಚೀಟಿ ಹಚ್ಚಿದರೆ ಕಡತವನ್ನು ಯಾರೂ ಬದಲಿಸುವಂತಿಲ್ಲ. ಇನ್ನೊಂದನ್ನು ಹಚ್ಚಿದರೆ ಕೊನೆಗೆ ಹೊಸ ಸಾಲು ಸೇರಿಸಬಹುದೇ ಹೊರತು ಬರೆದದ್ದನ್ನು ಅಳಿಸುವಂತಿಲ್ಲ. ಮಟ್ಟ 1ಕ್ಕೆ ಏರಿದ ಮೇಲೆ ಈ ಚೀಟಿ ಕೀಳಲು ರೂಟ್‌ಗೂ ಆಗದು. ದಿನಚರಿಗೆ ಎರಡನೆಯ ಚೀಟಿ ಹಚ್ಚಿಟ್ಟರೆ ಕಳ್ಳ ಬಂದ ಸಾಲು ಅಲ್ಲೇ ಉಳಿಯುತ್ತದೆ.

2ಕ್ಕೆ ಏರಿದರೆ ಡಿಸ್ಕಿನ ಮೇಲೆ ನೇರವಾಗಿ ಗೀಚುವ ದಾರಿಯೂ ಮುಚ್ಚುತ್ತದೆ. ಜೊತೆಗೆ ಯಂತ್ರದ ಗಡಿಯಾರವನ್ನು ಒಂದು ಸೆಕೆಂಡಿಗಿಂತ ಹೆಚ್ಚು ಅತ್ತಿತ್ತ ಸರಿಸಲಾಗದು. 3ರಲ್ಲಿ ಹೊರಗಿನ ಸಂಪರ್ಕವನ್ನು ಸೋಸುವ ನಿಯಮಗಳೂ ಗಟ್ಟಿಯಾಗಿಬಿಡುತ್ತವೆ.

ಗಡಿಯಾರಕ್ಕೇಕೆ ಬೀಗ ಎಂದು ಪಟ್ಟಣದ ಹುಡುಗರು ಕೇಳಬಹುದು. ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರ ಮನೆಯಲ್ಲಿ ಯಾರೂ ಕೇಳಲಾರರು. ಹಳೆಯ ತಾರೀಖು ಹಾಕಿ ಕಾಗದ ಹುಟ್ಟಿಸಿದರೆ ಏನಾಗುತ್ತದೆಂಬುದು ಜಮೀನು ಇರುವವರಿಗೆಲ್ಲ ಗೊತ್ತು. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮುಳುಗಡೆಯಾದವರಿಗೆ ಜಮೀನು ಮಂಜೂರು ಮಾಡಿದ ಕಡತಗಳ ತಕರಾರು ಹಾಸನ ಜಿಲ್ಲೆಗೆ ಹೊಸತಲ್ಲ. ತಾರೀಖು ಸುಳ್ಳಾದರೆ ಅಜ್ಜ ನೆಟ್ಟ ಗಿಡ ಮೊಮ್ಮಗನ ಕೈತಪ್ಪುತ್ತದೆ.

ಇಲ್ಲಿ ನಮ್ಮ ರಾಜ್ಯದ್ದೇ ಉದಾಹರಣೆಯೊಂದನ್ನು ನೆನೆಯಬೇಕು. ಒಂದು ಕಾಲದಲ್ಲಿ ಕರ್ನಾಟಕದ ಪಹಣಿಗಳೆಲ್ಲ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಪುಸ್ತಕ ಅವರ ಬಳಿ, ಲೇಖನಿ ಅವರ ಬಳಿ. ಬಹುಪಾಲು ಜನ ಪ್ರಾಮಾಣಿಕರೇ ಇದ್ದರೆನ್ನೋಣ. ಆದರೆ ಅಪ್ರಾಮಾಣಿಕನನ್ನು ತಡೆಯುವ ಬೀಗ ಆ ಪುಸ್ತಕದಲ್ಲಿ ಇರಲಿಲ್ಲ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಗಣಕಗಳನ್ನು ಸೇರಿದವು. ಖಾತೆ ಬದಲಿಸುವ ನೌಕರ ತನ್ನ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು. 'ಅದು ನಾನಲ್ಲ, ಯಾರೋ ನನ್ನ ಗುಪ್ತಪದ ಕದ್ದರು' ಎನ್ನುವ ಸಬೂಬು ನಡೆಯುವಂತಿರಲಿಲ್ಲ. ಭೂಮಿಗೆ ಬಳಸಿದ್ದು ಬಿಎಸ್‌ಡಿಯಲ್ಲ, ವಿಂಡೋಸ್ ಎಂಬುದನ್ನು ಹೇಳಿಬಿಡಬೇಕು. ಆದರೂ ಹಿಂದಿದ್ದ ವಿಚಾರ ಒಂದೇ ಜಾತಿಯದು: ಅಧಿಕಾರ ಉಳ್ಳವನ ಕೈಯನ್ನೂ ಸ್ವಲ್ಪ ಕಟ್ಟಿಡಬೇಕು.

ಕಟ್ಟದಿದ್ದರೆ ಏನಾಗುತ್ತದೆ? 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಬಿದ್ದು, ಟೆಂಡರುದಾರರಿಗೆ ಮರಳಬೇಕಿದ್ದ ಠೇವಣಿಯಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಹಣ ಯಾರ್‍ಯಾರದೋ ಖಾತೆಗೆ ಹರಿದುಹೋಯಿತು. ಭದ್ರತಾ ಮಟ್ಟವೊಂದಿದ್ದರೆ ಅದು ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಕರ್ನೆಲ್ ಬೀಗ ಕಳ್ಳ ಒಳಬರುವುದನ್ನು ತಡೆಯುವುದಿಲ್ಲ. ಬಂದವನು ಮನೆಯ ಯಜಮಾನನಾಗುವುದನ್ನು ತಡೆಯುತ್ತದೆ, ಅಷ್ಟೆ.

ಈ ಬೀಗಕ್ಕೂ ಸಂದುಗಳಿವೆ. ಯಂತ್ರ ಎದ್ದೇಳುವಾಗ ಮಟ್ಟ ಇನ್ನೂ ಕೆಳಗಿರುತ್ತದೆ. ಆಗ ಓದಿಕೊಳ್ಳುವ ಆರಂಭಿಕ ಕಡತಗಳಲ್ಲಿ ಒಂದಕ್ಕೆ ಚೀಟಿ ಹಚ್ಚಲು ಮರೆತರೂ ಸಾಕು. ಕಳ್ಳ ಅದನ್ನು ತಿದ್ದಿ, ಯಂತ್ರವನ್ನು ಆರಿಸಿ ಎಬ್ಬಿಸಿ, ಬೀಗ ಬೀಳುವ ಮೊದಲೇ ತನ್ನ ಕೆಲಸ ಮುಗಿಸುತ್ತಾನೆ. ಕೋಟೆಯ ದಿಡ್ಡಿಬಾಗಿಲು ಎಂದರೆ ಇದೇ. 2006ರಲ್ಲಿ ಇನ್ನೊಂದು ಹಂಚಿಕೆ ಬಯಲಾಯಿತು. ಚೀಟಿ ಹಚ್ಚಿದ ಕಡತವನ್ನು ಮುಟ್ಟಲಾಗದಿದ್ದರೇನಂತೆ, ಅದಿರುವ ಕಡತಕೋಶದ ಮೇಲೆ ಬೇರೊಂದು ಡಿಸ್ಕನ್ನು ಹೊದಿಸಿದರಾಯಿತು! ಮೂಲ ಕಡತ ಅಡಿಯಲ್ಲಿ ಭದ್ರವಾಗಿಯೇ ಇರುತ್ತದೆ, ನೋಡುವವರಿಗೆ ಕಾಣುವುದು ಮೇಲಿನ ಸುಳ್ಳು ಕಡತ.

ಇನ್ನು ಮೇಲ್ವಿಚಾರಕನ ಪಾಡು ಬೇರೆ. ಒಂದು ಸಣ್ಣ ದುರಸ್ತಿಗೂ ಯಂತ್ರ ಆರಿಸಬೇಕು, ಅದಿರುವ ಕೋಣೆಗೇ ಹೋಗಬೇಕು. ಮಲೆನಾಡಿನ ಆಷಾಢದಲ್ಲಿ ಮರ ಬಿದ್ದು ದಾರಿ ಮುಚ್ಚಿದ ದಿನ ಅವನು ಬಿಎಸ್‌ಡಿಯನ್ನು ಬೈಯದೆ ಇರುತ್ತಾನೆಯೆ? ಈ ತಾಪತ್ರಯದಿಂದಾಗಿಯೇ ಬಹಳ ಮಂದಿ ಮಟ್ಟವನ್ನು ಏರಿಸುವ ಗೋಜಿಗೇ ಹೋಗುವುದಿಲ್ಲ.

ಹಾಗೆಂದು ಆಲೋಚನೆ ಸಾಯಲಿಲ್ಲ. ಆಪಲ್ ಕಂಪನಿ 2015ರಲ್ಲಿ ತನ್ನ ಮ್ಯಾಕ್ ಗಣಕಗಳಲ್ಲಿ ವ್ಯವಸ್ಥೆಯ ಕಡತಗಳನ್ನು ರೂಟ್‌ಗೂ ನಿಲುಕದಂತೆ ಮಾಡಿತು. ಲಿನಕ್ಸ್ ಕರ್ನೆಲ್ಲಿನ 5.4ನೇ ಆವೃತ್ತಿ 2019ರಲ್ಲಿ 'ಲಾಕ್‌ಡೌನ್' ಎಂಬ ಸೌಲಭ್ಯದೊಡನೆ ಬಂತು. ಮರುವರ್ಷ ಈ ಪದ ಬೇರೆ ಅರ್ಥದಲ್ಲಿ ನಮ್ಮೆಲ್ಲರ ಮನೆಮಾತಾದದ್ದು ಕಾಕತಾಳೀಯ. ಅದರಲ್ಲಿ ಎರಡು ಮಟ್ಟ: ಒಂದರಲ್ಲಿ ಚಾಲನೆಯಲ್ಲಿರುವ ಕರ್ನೆಲ್ಲನ್ನು ತಿದ್ದಲಾಗದು, ಇನ್ನೊಂದರಲ್ಲಿ ಅದರ ಒಳಗಿನ ಗುಟ್ಟನ್ನು ಓದಲೂ ಆಗದು.

ತಂದೆತಾಯಿಯರು ಇದೆಲ್ಲ ನಮಗೇಕೆ ಎನ್ನಬೇಡಿ. ಮಕ್ಕಳು ಹೊಸ ಆಟಕ್ಕಾಗಿಯೋ ಜಾಹೀರಾತು ತಪ್ಪಿಸಲೋ ಮೊಬೈಲನ್ನು 'ರೂಟ್ ಮಾಡುವುದು' ಎಂಬ ಸಾಹಸಕ್ಕೆ ಕೈಹಾಕುತ್ತಾರಲ್ಲ, ಅದು ಇದೇ ರೂಟ್. ತಯಾರಕರು ಹಾಕಿದ ಬೀಗ ಒಡೆದು ಕಿಲ್ಲೇದಾರನ ಕೀಲಿಕೈಯನ್ನು ಕೈಗೆ ತೆಗೆದುಕೊಳ್ಳುವ ಕೆಲಸ. ಕೀಲಿಕೈ ಹುಡುಗನಿಗೆ ಸಿಕ್ಕಿದಂತೆ ಅವನು ಎಲ್ಲಿಂದಲೋ ಇಳಿಸಿಕೊಂಡ ಆಟಕ್ಕೂ ಸಿಗಬಹುದು. ಅಂಥ ಮೊಬೈಲಿನಲ್ಲಿ ಹಲವು ಬ್ಯಾಂಕುಗಳ ಆಪ್ ನಡೆಯಲು ಒಪ್ಪುವುದಿಲ್ಲ, ಅದು ಸರಿಯೂ ಹೌದು.

ಕುತೂಹಲವಿರುವ ವಿದ್ಯಾರ್ಥಿಗಳು ಬೀಗ ಒಡೆಯುವ ಬದಲು ಬೀಗ ಹಾಕಿ ನೋಡಬಹುದು. ಫ್ರೀಬಿಎಸ್‌ಡಿ ಉಚಿತ. ಹಳೆಯ ಗಣಕವೊಂದಿದ್ದರೆ ಅದರಲ್ಲಿ ಹಾಕಿ, ಒಂದು ಕಡತಕ್ಕೆ ಬದಲಿಸಲಾಗದ ಚೀಟಿ ಹಚ್ಚಿ, ಮಟ್ಟವನ್ನು 1ಕ್ಕೆ ಏರಿಸಿ. ಆಮೇಲೆ ರೂಟ್ ಆಗಿಯೇ ಆ ಕಡತವನ್ನು ಅಳಿಸಲು ಪ್ರಯತ್ನಿಸಿ. ಅನುಮತಿ ಇಲ್ಲವೆಂದು ಯಂತ್ರ ತನ್ನ ಒಡೆಯನಿಗೇ ಹೇಳುವುದನ್ನು ನೋಡುವುದೇ ಒಂದು ಮಜಾ. ಮನೆಯಲ್ಲಿ ಇರುವುದು ಒಂದೇ ಗಣಕವಾದರೆ ಮಾತ್ರ ಅದರಲ್ಲಿ ಈ ಪ್ರಯೋಗ ಬೇಡ. ಅಪ್ಪನ ಕಾಫಿ ಲೆಕ್ಕ ಅದರಲ್ಲೇ ಇರುತ್ತದೆ.